ಇಡಬೇಕಾ, ತೆಗೆಯಬೇಕಾ? ಕಲಬುರಗಿ ಬಿಸಿಲಿನಲ್ಲಿ ಒಂದು ಒಳ್ಳೆ ವೈನ್ ಬಾಟಲಿ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕಡೆ 'ವೈನ್ ಶಾಪ್' ಬೋರ್ಡಿಗೇನೂ ಬರವಿಲ್ಲ. ಒಳಗೆ ಹೋಗಿ ವೈನ್ ಕೇಳಿದರೆ ಮಾತ್ರ ಅಂಗಡಿಯವರು ಒಂದು ಕ್ಷಣ ಯೋಚಿಸಿ, ಮೂಲೆಯಲ್ಲಿ ಧೂಳು ಹಿಡಿದ ಎರಡು ಬಾಟಲಿ ತೋರಿಸುತ್ತಾರೆ. ಹಾಗಾಗಿ ಕಲಬುರಗಿ, ಬೀದರ್, ಯಾದಗಿರಿಯ ಮನೆಗಳಿಗೆ ಒಳ್ಳೆ ವೈನ್ ಬರುವ ದಾರಿ ಬೇರೆ. ಹೈದರಾಬಾದ್ ಏರ್‌ಪೋರ್ಟಿನಿಂದ ಬರುತ್ತದೆ. ಅಮೆರಿಕದ ಮಗ, ದುಬೈಯ ಅಳಿಯ, ಬೆಂಗಳೂರು ಆಫೀಸಿನ ಸಾಹೇಬರು, ಯಾರೋ ಒಬ್ಬರು ಕೈಗಿಡುತ್ತಾರೆ. ಅಲ್ಲಿಂದ ಅದು ಅಲ್ಮಾರಿಯ ಮೇಲಿನ ಅರೆಗೆ ಏರಿ, ಶಾಲುಗಳ ಹಿಂದೆ ಅಡಗಿ ಕೂರುತ್ತದೆ. ವರ್ಷಗಟ್ಟಲೆ.

ಪರಿಚಯದವರು, ಬೀಗರು, ಬೀಗರ ಬೀಗರು ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಂದು ಕಡೆ ಹಾಕಿದ್ದೇನೆ. ಕುಡಿಯದವರಿಗೆ ಕುಡಿಯಿರಿ ಅಂತ ಹೇಳುವ ಉದ್ದೇಶ ನನಗಿಲ್ಲ. ಬಾಟಲಿ ಮನೆಗೆ ಬಂದಾಗಿದೆ, ಮುಂದೇನು ಅನ್ನುವವರಿಗೆ ಇದು.

ಒಂದೇ ಮಾತಿನಲ್ಲಿ ಹೇಳಿಬಿಡ್ರಿ. ಇಡಲಾ, ಕುಡಿಯಲಾ?

ಬರುವ ಶಿವರಾತ್ರಿಯೊಳಗೆ ಕುಡಿಯಿರಿ.

ಶಿವರಾತ್ರಿಗೆ ಚಳಿ ಶಿವಶಿವ ಅಂತ ಓಡಿಹೋಗುತ್ತದೆ ಅನ್ನುತ್ತಾರಲ್ಲ, ವೈನಿಗೂ ಅದೇ ಗಡುವು. ಅದರ ನಂತರದ ಮೂರು ತಿಂಗಳನ್ನು ಬಾಟಲಿ ತಣ್ಣಗೆ ಕಳೆಯುವ ಜಾಗ ಮನೆಯಲ್ಲಿದ್ದರೆ ಮಾತ್ರ ಇಡುವ ಮಾತು. ಇಲ್ಲದಿದ್ದರೆ ನೀವು ಇಡುತ್ತಿಲ್ಲ, ಬೇಯಿಸುತ್ತಿದ್ದೀರಿ.

ವೈನ್ ಹಳೆಯದಾದಷ್ಟೂ ರುಚಿ ಅಂತಾರಲ್ಲ?

ಮಾವಿನಕಾಯಿ ಉಪ್ಪಿನಕಾಯಿ ಹಳೆಯದಾದಷ್ಟೂ ರುಚಿ. ಕೋಸಂಬರಿಯನ್ನು ಹಾಗೆ ಇಡುತ್ತೀರಾ? ಎರಡೂ ಊಟದ ಎಲೆಯ ತುದಿಯಲ್ಲೇ ಕೂರುತ್ತವೆ, ಆದರೆ ಮಾಡುವ ರೀತಿಯೇ ಬೇರೆ. ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಕೋಸಂಬರಿ ಜಾತಿಯದು. ಒಂದೆರಡು ವರ್ಷದಲ್ಲಿ, ಹೆಚ್ಚೆಂದರೆ ನಾಲ್ಕೈದು ವರ್ಷದಲ್ಲಿ ಕುಡಿಯಲಿ ಅಂತಲೇ ಮಾಡಿದ್ದು. ಅದನ್ನು ಹತ್ತು ವರ್ಷ ಇಟ್ಟರೆ ಹಣ್ಣಿನ ಪರಿಮಳ ಹೋಗಿ ಬರೀ ಹುಳಿನೀರು ಉಳಿಯುತ್ತದೆ.

ಉಪ್ಪಿನಕಾಯಿ ಜಾತಿಯವು ಕೆಲವೇ. ಅವನ್ನು ಕಾಯುವುದು ಒಗರು, ಹುಳಿ, ಸಿಹಿ ಮತ್ತು ಮದ್ಯದ ಅಂಶ. ಒಗರು ಅಂದರೆ ಟ್ಯಾನಿನ್. ನೇರಳೆ ಹಣ್ಣು ತಿಂದಾಗ ನಾಲಿಗೆ ಹಿಡಿದಂತಾಗುತ್ತದಲ್ಲ, ಅದೇ ಗುಣ. ಕೆಂಪು ವೈನಿಗೆ ಅದು ದ್ರಾಕ್ಷಿಯ ಸಿಪ್ಪೆ, ಬೀಜ ಮತ್ತು ಓಕ್ ಪೀಪಾಯಿಯಿಂದ ಬರುತ್ತದೆ. ಹೊಸದರಲ್ಲಿ ಬಾಯಿ ಹಿಡಿಯುವ ಈ ಟ್ಯಾನಿನ್ ವರ್ಷಗಳು ಕಳೆದಂತೆ ಒಂದಕ್ಕೊಂದು ಅಂಟಿಕೊಂಡು, ಸ್ವಲ್ಪ ಭಾಗ ಗಸಿಯಾಗಿ ತಳ ಸೇರುತ್ತದೆ. ವೈನ್ ಮೆತ್ತಗಾಗುತ್ತದೆ. ಫ್ರಾನ್ಸಿನ ಒಳ್ಳೆ ಬೋರ್ಡೋ, ಇಟಲಿಯ ಬರೋಲೋ ಇಂಥವು. ಸಿಹಿ ಜಾಸ್ತಿ ಇರುವ ಸೋಟರ್ನ್, ಹಂಗೇರಿಯ ಟೋಕಾಯ್, ಪೋರ್ಚುಗಲ್ಲಿನ ವಿಂಟೇಜ್ ಪೋರ್ಟ್ ಮತ್ತು ಮಡೈರಾ ದಶಕಗಟ್ಟಲೆ ಬಾಳುತ್ತವೆ.

ಬಾಳುವುದು ಬೇರೆ, ಕುಡಿಯುವಂತಿರುವುದು ಬೇರೆ. ಜರ್ಮನಿಯ ಸ್ಪೈಯರ್ ಊರಿನ ಮ್ಯೂಸಿಯಂನಲ್ಲಿ ಒಂದು ಬಾಟಲಿ ಇದೆ. 1867ರಲ್ಲಿ ರೋಮನ್ ಕಾಲದ ಸಮಾಧಿಯೊಂದರಲ್ಲಿ ಸಿಕ್ಕಿದ್ದು, 1,600 ವರ್ಷಕ್ಕೂ ಹಳೆಯದು. ಒಳಗೆ ಇವತ್ತಿಗೂ ದ್ರವ ಇದೆ. ಮುಚ್ಚಳ ತೆಗೆಯುವ ಧೈರ್ಯ ಯಾರೂ ಮಾಡಿಲ್ಲ. ನಮ್ಮ ಅಲ್ಮಾರಿಯ ಬಾಟಲಿಗಳೂ ಅದೇ ದಾರಿ ಹಿಡಿದಿವೆ ಅಂತ ನನಗೆ ಆಗಾಗ ಅನಿಸುತ್ತದೆ.

ನಮ್ಮ ಮಾಮಾ ಇಪ್ಪತ್ತು ವರ್ಷದಿಂದ ಒಂದು ವಿಸ್ಕಿ ಇಟ್ಟಿದ್ದಾರೆ. ಅದಕ್ಕೇನೂ ಆಗಿಲ್ಲವಲ್ಲ?

ಆಗುವುದೂ ಇಲ್ಲ. ವಿಸ್ಕಿಯಲ್ಲಿ ಮದ್ಯದ ಅಂಶ ನೂರಕ್ಕೆ 40ರ ಮೇಲೆ. ಬಾಟಲಿಗೆ ತುಂಬಿದ ದಿನವೇ ಅದರ ವಯಸ್ಸು ನಿಂತಿತು. ವೈನಿನಲ್ಲಿ 12ರಿಂದ 14 ಇದ್ದರೆ ಹೆಚ್ಚು. ಅದು ಬಾಟಲಿಯೊಳಗೂ ಬದಲಾಗುತ್ತಲೇ ಇರುತ್ತದೆ. ಮಾಮಾ ಅವರ ವಿಸ್ಕಿ ನೋಡಿ ನಿಮ್ಮ ವೈನಿಗೆ ಲೆಕ್ಕ ಹಾಕಬೇಡಿ.

ನನ್ನ ಬಾಟಲಿ ಇಡುವಂಥದ್ದೋ ಅಲ್ಲವೋ, ಲೇಬಲ್ ನೋಡಿ ಗೊತ್ತಾಗುತ್ತದಾ?

ಒಂದಷ್ಟು ಗೊತ್ತಾಗುತ್ತದೆ. ಲೇಬಲ್ ಮೇಲಿನ ಇಸವಿ ದ್ರಾಕ್ಷಿ ಕೊಯ್ದ ವರ್ಷ. ಬಿಳಿ ವೈನ್, ಗುಲಾಬಿ ಬಣ್ಣದ ರೋಸೆ, ತಿರುಪು ಮುಚ್ಚಳದ ಅಗ್ಗದ ಕೆಂಪು ವೈನ್ ಆಗಿದ್ದು ಇಸವಿ ಮೂರು ವರ್ಷಕ್ಕಿಂತ ಹಿಂದಿನದಾಗಿದ್ದರೆ ಯೋಚನೆ ಮಾಡುತ್ತಾ ಕೂರಬೇಡಿ, ತೆಗೆಯಿರಿ. ತಿರುಪು ಮುಚ್ಚಳ ಅಂದ ಮಾತ್ರಕ್ಕೆ ಕೀಳು ಅಂತ ಅಲ್ಲ. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನವರು ಒಳ್ಳೆ ವೈನಿಗೂ ಅದನ್ನೇ ಹಾಕುತ್ತಾರೆ.

'ರಿಸರ್ವ್' ಅನ್ನುವ ಮಾತಿಗೆ ಮರುಳಾಗಬೇಡಿ. ಸ್ಪೇನಿನಲ್ಲಿ ಕೆಂಪು ವೈನಿನ ಮೇಲೆ 'ರೆಸೆರ್ವಾ' ಅಂತ ಬರೆಯಬೇಕಾದರೆ ಕನಿಷ್ಠ ಮೂರು ವರ್ಷ ಹಳೆಯದಾಗಿಸಿರಬೇಕು ಅಂತ ಕಾನೂನೇ ಇದೆ. ಬೇರೆ ಎಷ್ಟೋ ಕಡೆ ಅದು ಬರೀ ಅಲಂಕಾರ. ಸ್ಪೇನಿನ ರೆಸೆರ್ವಾ ಆದರೂ ನಿಮ್ಮ ಬದಲು ಅವರೇ ಕಾದು ಕಳಿಸಿದ್ದು. ಮತ್ತೆ ನೀವು ಕಾಯಬೇಕಿಲ್ಲ. ಪೋರ್ಟ್ ವೈನಿನ ಮೇಲೆ '10 ವರ್ಷ', '20 ವರ್ಷ' ಟಾನಿ ಅಂತಿದ್ದರೂ ಇದೇ ಮಾತು. ಪೀಪಾಯಿಯಲ್ಲಿ ಮಾಗಿಸಿ, ಕುಡಿಯಲು ತಯಾರಾದ ಮೇಲೆ ಬಾಟಲಿಗೆ ತುಂಬಿರುತ್ತಾರೆ.

ನಮ್ಮ ದೇಶದ ವೈನ್? ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಇರಲಿ, ನಾಸಿಕ್‌ನ ಸುಲಾ ಇರಲಿ, ಬಿಳಿಯವನ್ನು ಬಂದ ವರ್ಷವೇ ಮುಗಿಸಿ. ಓಕ್‌ನಲ್ಲಿ ಇಟ್ಟ ಮೇಲ್ದರ್ಜೆಯ ಕೆಂಪು ವೈನ್ ತಂಪಿನಲ್ಲಿ ನಾಲ್ಕೈದು ವರ್ಷ ತಡೆಯುತ್ತದೆ. ಪಕ್ಕದ ವಿಜಯಪುರದಲ್ಲಿ ಅಷ್ಟು ದ್ರಾಕ್ಷಿ ಬೆಳೆಯುತ್ತಾರಲ್ಲ ಅಂತ ಕೇಳುತ್ತಾರೆ. ಅದರಲ್ಲಿ ಹೆಚ್ಚಿನದು ತಿನ್ನಲು ಮತ್ತು ಒಣದ್ರಾಕ್ಷಿಗೆ. ವೈನ್ ದ್ರಾಕ್ಷಿ ಚಿಕ್ಕದು, ಸಿಪ್ಪೆ ದಪ್ಪ, ಬೀಜ ಇರುತ್ತದೆ. ತಿನ್ನಲು ಕೊಟ್ಟರೆ ಮಕ್ಕಳು ಮುಖ ಕಿವುಚುತ್ತಾರೆ.

ಕಲಬುರಗಿ ಬಿಸಿಲು ಬಾಟಲಿಗೆ ನಿಜವಾಗಿ ಏನು ಮಾಡುತ್ತದೆ?

ಏಪ್ರಿಲ್, ಮೇ ಬಂದರೆ ನಮ್ಮ ಕಡೆ ಸರ್ಕಾರಿ ಕಚೇರಿಗಳೇ ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಬಾಗಿಲು ಹಾಕುತ್ತವೆ. ಮನುಷ್ಯರಿಗೇ ರಜೆ ಕೊಡುವ ಬಿಸಿಲು. 42, 43 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ವೈನಿಗೆ ಬೇಕಾದದ್ದು ವರ್ಷವಿಡೀ 12ರಿಂದ 14 ಡಿಗ್ರಿ.

ಬಿಸಿಗೆ ವೈನ್ ಹಿಗ್ಗುತ್ತದೆ, ಬೂಚನ್ನು ಮೇಲಕ್ಕೆ ತಳ್ಳುತ್ತದೆ. ರಾತ್ರಿ ತಣ್ಣಗಾದಾಗ ಕುಗ್ಗಿ, ಬೂಚಿನ ಪಕ್ಕದಿಂದ ಗಾಳಿ ಎಳೆದುಕೊಳ್ಳುತ್ತದೆ. ಹೀಗೆ ದಿನಾ ನಡೆದರೆ ಒಳಗಿನದು ಗಾಳಿ ತಗುಲಿ ಕಂದು ಬಣ್ಣಕ್ಕೆ ತಿರುಗುತ್ತದೆ. ಗಾಳಿ ಹೋಗದಿದ್ದರೂ, ಹತ್ತು ಡಿಗ್ರಿ ಏರಿದರೆ ಒಳಗಿನ ರಾಸಾಯನಿಕ ಬದಲಾವಣೆಗಳು ಹೆಚ್ಚುಕಡಿಮೆ ಎರಡು ಪಟ್ಟು ವೇಗವಾಗುತ್ತವೆ. ಹಣ್ಣಿನ ರುಚಿ ಹೋಗಿ ಜಾಮ್ ಕುದಿಸಿದ ವಾಸನೆ ಬರುತ್ತದೆ. ಇದನ್ನು 'ಬೆಂದ ವೈನ್' ಅನ್ನುತ್ತಾರೆ. ಒಮ್ಮೆ ಬೆಂದದ್ದನ್ನು ಆಮೇಲೆ ಫ್ರಿಜ್‌ನಲ್ಲಿಟ್ಟರೂ ಹಸಿಯಾಗುವುದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. ನಮ್ಮ ಕಾಕಾನ ಮಗ ಕಂಪನಿ ಕೆಲಸಕ್ಕೆಂದು ಫ್ರಾನ್ಸಿಗೆ ಹೋದವನು ನನಗೆ 2012ರ ಒಂದು ಬೋರ್ಡೋ ತಂದಿದ್ದ. 'ಅಣ್ಣಾ, ಇದು ಇಟ್ಟಷ್ಟೂ ಚಲೋ' ಅಂದ. ನಾನು ಅಲ್ಮಾರಿಯಲ್ಲಿಟ್ಟೆ. ಆ ಅಲ್ಮಾರಿ ಪಶ್ಚಿಮದ ಗೋಡೆಗೆ ಅಂಟಿಕೊಂಡಿತ್ತು, ಮೇಲೆ ಬರೀ ಸ್ಲ್ಯಾಬು. ಮೂರು ಬೇಸಿಗೆ ಕಳೆದವು. ತೆಗೆಯುವ ದಿನ ಬಂದಾಗ ಬೂಚು ಮೇಲೆದ್ದಿತ್ತು, ಕುತ್ತಿಗೆಯ ಸುತ್ತ ಅಂಟು ಅಂಟು ಕಲೆ. ಗ್ಲಾಸಿಗೆ ಸುರಿದರೆ ಹಳಸಿದ ಬೆಲ್ಲದ ಪಾನಕ. ಅವನೇ ಎದುರಿಗೆ ಕೂತಿದ್ದ. ಒಂದು ಗುಟುಕು ಕುಡಿದು, 'ಹಂ, ಹಳೇ ವೈನ್ ಹಿಂಗೇ ಇರ್ತದ' ಅಂದ. ಪಾಪ, ನನ್ನ ಮನಸ್ಸಿಗೆ ನೋವಾಗಬಾರದು ಅಂತ.

ಇನ್ನೊಂದು ಮಾತು. ಮೇ ತಿಂಗಳಲ್ಲಿ ಹೈದರಾಬಾದಿನ ಶಂಶಾಬಾದ್ ಏರ್‌ಪೋರ್ಟಿನಿಂದ ಊರಿಗೆ ಕಾರಿನಲ್ಲಿ ಬರುವವರು ಬಾಟಲಿಯನ್ನು ಡಿಕ್ಕಿಯಲ್ಲಿ ಹಾಕಬೇಡಿ. ದಾರಿಯಲ್ಲಿ ಊಟಕ್ಕೆ ಇಳಿದು ಒಂದು ಗಂಟೆ ಬಿಸಿಲಿನಲ್ಲಿ ಗಾಡಿ ನಿಲ್ಲಿಸಿದರೆ ಒಳಗೆ 50 ಡಿಗ್ರಿ ದಾಟುತ್ತದೆ. ಬಾಟಲಿ ಅಲ್ಲೇ ಬೇಯಲು ಶುರುವಾಗುತ್ತದೆ. ಎಸಿ ಇರುವ ಕಡೆ, ಸೀಟಿನ ಕೆಳಗೆ ಇಡಿ.

ನಮ್ಮದು ಹಳೆ ಮನೆ. ದಪ್ಪ ಗೋಡೆ, ಶಹಾಬಾದ ಕಲ್ಲು ಹಾಸಿದೆ, ಹಗೇವು ಕೂಡ ಇದೆ. ಅಲ್ಲಿ ಇಡಬಹುದಲ್ಲ?

ಈ ಪ್ರಶ್ನೆ ನನಗೆ ಬಹಳ ಇಷ್ಟ. ನಮ್ಮ ಹಿರಿಯರು ನೆಲದಡಿ ಹಗೇವು ತೋಡಿ ಜೋಳ ಇಡುತ್ತಿದ್ದರು. ಫ್ರಾನ್ಸಿನವರು ನೆಲಮಾಳಿಗೆಯಲ್ಲಿ ವೈನ್ ಇಟ್ಟರು. ಬುದ್ಧಿ ಒಂದೇ. ಆದರೆ ಫಲ ಒಂದೇ ಅಲ್ಲ.

ನೆಲದೊಳಗೆ ಕೆಲವು ಮೀಟರ್ ಇಳಿದರೆ ಅಲ್ಲಿಯ ಉಷ್ಣತೆ ಆ ಊರಿನ ಇಡೀ ವರ್ಷದ ಸರಾಸರಿಗೆ ಹತ್ತಿರ ಇರುತ್ತದೆ. ಬೋರ್ಡೋ ಕಡೆ ಆ ಸರಾಸರಿ 13, 14 ಡಿಗ್ರಿ. ಹಾಗಾಗಿ ಅವರ ನೆಲಮಾಳಿಗೆ ತಾನಾಗೇ ತಂಪು. ಕಲಬುರಗಿ, ಯಾದಗಿರಿ ಕಡೆ ಸರಾಸರಿಯೇ ಸುಮಾರು 27. ನೀವು ಎಷ್ಟೇ ಆಳ ತೋಡಿದರೂ 27ರ ಹತ್ತಿರವೇ ಸಿಗುವುದು. ಜೋಳಕ್ಕೆ ಸಾಕು, ವೈನಿಗೆ ಸಾಲದು. ಅಟ್ಟಕ್ಕಿಂತ ಎಷ್ಟೋ ಮೇಲು ಅನ್ನುವುದು ನಿಜ. ಒಂದು ವರ್ಷ ತಳ್ಳಬಹುದು. ಮತ್ತೆ, ಬಹಳ ದಿನ ಮುಚ್ಚಿದ ಹಗೇವಿಗೆ ಹಾಗೇ ಇಳಿಯಬೇಡಿ. ಒಳಗಿನ ಕೆಟ್ಟ ಗಾಳಿಗೆ ಉಸಿರು ಕಟ್ಟಿ ಸತ್ತವರಿದ್ದಾರೆ. ಒಂದು ಬಾಟಲಿಗಾಗಿ ಅದು ಬೇಡ.

ಬೀದರ್‌ನವರು 'ನಮ್ಮೂರು ತಂಪು' ಅಂತ ಹೆಮ್ಮೆ ಪಡುತ್ತಾರೆ. ಸುಮಾರು 700 ಮೀಟರ್ ಎತ್ತರದಲ್ಲಿದೆ, ಕಲಬುರಗಿಗಿಂತ ಎರಡು ಮೂರು ಡಿಗ್ರಿ ಕಡಿಮೆ, ಒಪ್ಪುತ್ತೇನೆ. ನೌಬಾದಿನ ಕರೇಜ್ ಸುರಂಗದ ಬಾಯಿಗೆ ಮೇ ತಿಂಗಳಲ್ಲಿ ನಿಂತರೆ ಮೈಗೆ ಹಾಯ್ ಅನಿಸುತ್ತದೆ. ಬಹಮನಿ ಸುಲ್ತಾನರ ಕಾಲದವರು ನೆಲದಡಿ ನೀರು ಹರಿಸಿದ ಜಾಣತನ ಅದು. ಆದರೆ ನಿಮ್ಮ ಮನೆ ಕರೇಜ್ ಒಳಗಿಲ್ಲವಲ್ಲ. ಬೀದರ್‌ನವರಿಗೆ ಶಿವರಾತ್ರಿಯ ಗಡುವನ್ನು ಯುಗಾದಿಯವರೆಗೆ ಮುಂದೂಡಬಹುದು, ಅಷ್ಟೇ.

ಮನೆಯ ಫ್ರಿಜ್‌ನಲ್ಲಿ ಇಟ್ಟರೆ?

ಬೇಸಿಗೆಯಲ್ಲಿ ಅಲ್ಮಾರಿಗಿಂತ ಫ್ರಿಜ್ ನೂರು ಪಾಲು ಮೇಲು. ಒಳಗೆ 4, 5 ಡಿಗ್ರಿ ಇರುತ್ತದೆ. ವೈನ್ ಮಾಗುವುದು ಬಹಳ ನಿಧಾನವಾಗುತ್ತದೆ, ಕೆಡುವುದೂ ನಿಧಾನವಾಗುತ್ತದೆ. ತೊಂದರೆ ಏನೆಂದರೆ ಫ್ರಿಜ್‌ನ ಗಾಳಿ ಒಣ. ವರ್ಷಗಟ್ಟಲೆ ಇಟ್ಟರೆ ಬೂಚು ಒಣಗಿ ಕುಗ್ಗುತ್ತದೆ. ಮಾರ್ಚ್‌ನಿಂದ ಜೂನ್ ತನಕ ಇಡಲು ಏನೂ ಅಡ್ಡಿಯಿಲ್ಲ. ಬಾಗಿಲಿನ ಅರೆ ಬೇಡ. ದಿನಕ್ಕೆ ನಲವತ್ತು ಸಲ ತೆಗೆದು ಹಾಕುವ ಜಾಗ ಅದು. ತರಕಾರಿ ಡಬ್ಬಿಯ ತಳದಲ್ಲಿ, ಪುಂಡಿ ಸೊಪ್ಪಿನ ಕೆಳಗೆ ಮಲಗಿಸಿ. ಅತ್ತೆಯವರಿಗೂ ಕಾಣುವುದಿಲ್ಲ.

ಚಿಕ್ಕ ವೈನ್ ಫ್ರಿಜ್ ಸಿಗುತ್ತದಂತೆ?

ಸಿಗುತ್ತದೆ. ಆದರೆ ಕೊಳ್ಳುವ ಮೊದಲು ಕಂಪ್ರೆಸರ್ ಇದೆಯಾ ಅಂತ ಕೇಳಿ. ಅಗ್ಗದ ಚಿಕ್ಕವು ಕಂಪ್ರೆಸರ್ ಇಲ್ಲದ ಥರ್ಮೋಎಲೆಕ್ಟ್ರಿಕ್ ಯಂತ್ರಗಳು. ಹೊರಗೆ 25 ಡಿಗ್ರಿ ಇದ್ದರೆ ಚೆನ್ನಾಗಿ ಓಡುತ್ತವೆ, 40 ಇದ್ದರೆ ಏದುಸಿರು ಬಿಡುತ್ತವೆ. ಒಂದೋ ಎರಡೋ ಬಾಟಲಿಗೆ ಇಷ್ಟೆಲ್ಲ ಖರ್ಚು ಮಾಡುವುದು ಒಂದು ಹುಂಜಕ್ಕೆ ಕೊಟ್ಟಿಗೆ ಕಟ್ಟಿಸಿದ ಹಾಗೆ. ಡಜನ್‌ಗಟ್ಟಲೆ ಇಡುವವರು ಯೋಚಿಸಲಿ.

ನಿಲ್ಲಿಸಿ ಇಡಬೇಕಾ, ಮಲಗಿಸಿಯಾ?

ಬೂಚಿನ ಬಾಟಲಿಯಾದರೆ ಮಲಗಿಸಿ, ವೈನ್ ತಾಗಿ ಬೂಚು ಒದ್ದೆಯಾಗಿರಲಿ. ತಿರುಪು ಮುಚ್ಚಳವಾದರೆ ಹೇಗಾದರೂ ಸರಿ. ಬೆಳಕು ತಾಗಬಾರದು. ಶೋಕೇಸಿನಲ್ಲಿ ಬಿದ್ರಿ ಹೂಜಿಯ ಪಕ್ಕ ವೈನ್ ಬಾಟಲಿ ನಿಲ್ಲಿಸಿ ಮೇಲೆ ಲೈಟ್ ಹಾಕಿದವರ ಮನೆ ನೋಡಿದ್ದೇನೆ. ಬಿದ್ರಿಗೆ ಅದು ಚೆಂದ. ವೈನಿಗೆ ಅಲ್ಲ.

ವಿಶೇಷ ದಿನ ಬರಲಿ ಅಂತ ಕಾಯುತ್ತಿದ್ದೇವೆ. ತಪ್ಪಾ?

ಒಂದು ಹಾಳೆ, ಪೆನ್ನು ತಗೊಳ್ಳಿ. ನಮ್ಮ ವಿಶೇಷ ದಿನಗಳನ್ನು ಬರೆಯಿರಿ. ಮದುವೆ, ತೊಟ್ಟಿಲು, ಗೃಹಪ್ರವೇಶ, ದೀಪಾವಳಿ, ಎಳ್ಳಮಾವಾಸ್ಯೆ, ಶರಣಬಸವೇಶ್ವರರ ಜಾತ್ರೆ. ಇದರಲ್ಲಿ ಯಾವ ದಿನ ಮನೆಯಲ್ಲಿ ಬಾಟಲಿ ತೆಗೆಯುತ್ತೀರಿ? ಒಂದೂ ಇಲ್ಲ, ಅಲ್ವಾ?

ಇದೇ ನಮ್ಮ ಗಂಟು. ವೈನ್ ಕುಡಿಯುವ ದೇಶಗಳಲ್ಲಿ ವಿಶೇಷ ದಿನ ಅಂದರೆ ಬಾಟಲಿ ತೆಗೆಯುವ ದಿನ. ನಮ್ಮಲ್ಲಿ ವಿಶೇಷ ದಿನ ಅಂದರೆ ಬಾಟಲಿ ಮುಟ್ಟದ ದಿನ. ಅವರ ಮಾತನ್ನು ತಂದು ನಮ್ಮ ಮನೆಯಲ್ಲಿ ಇಟ್ಟುಕೊಂಡಿದ್ದೇವೆ. ದಿನ ಬರುತ್ತಲೇ ಇಲ್ಲ.

ಉಳಿದದ್ದನ್ನೂ ಲೆಕ್ಕ ಹಾಕೋಣ. ಶ್ರಾವಣ ಇಡೀ ತಿಂಗಳು ಇಲ್ಲ. ಗಣಪತಿ ಕೂತಾಗ ಇಲ್ಲ. ದಸರಾ ಒಂಬತ್ತು ದಿನ ಇಲ್ಲ. ಸೋಮವಾರ ಇಲ್ಲ, ಕೆಲವರ ಮನೆಯಲ್ಲಿ ಗುರುವಾರವೂ ಇಲ್ಲ, ಇನ್ನು ಕೆಲವರಲ್ಲಿ ಶನಿವಾರ. ಊರಿಂದ ಆಯಿ ಬಂದಿದ್ದರೆ ಆ ಹದಿನೈದು ದಿನ ಇಲ್ಲ. ಮಕ್ಕಳ ಪರೀಕ್ಷೆ ಇದ್ದರೆ ಇಲ್ಲ. ಕೊನೆಗೆ ಕೈಗೆ ಸಿಗುವುದು ನವೆಂಬರ್‌ನಿಂದ ಫೆಬ್ರವರಿವರೆಗಿನ ಕೆಲವು ಮಂಗಳವಾರ, ಬುಧವಾರ, ಶುಕ್ರವಾರಗಳು. ಅವೇ ನಿಮ್ಮ ವಿಶೇಷ ದಿನ. ತಂಪೂ ಇರುತ್ತದೆ. ಹಿತ್ತಲಲ್ಲಿ ಕುರ್ಚಿ ಹಾಕಿಕೊಳ್ಳಬಹುದು.

ಕಾಯುವ ರೋಗ ನಮಗೆ ಮಾತ್ರ ಅಂತ ಅಂದುಕೊಳ್ಳಬೇಡಿ. ಅಮೆರಿಕದ ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆಗೆ ವೈನ್ ಅಂಕಣ ಬರೆಯುತ್ತಿದ್ದ ಗಂಡ ಹೆಂಡತಿ, ಜಾನ್ ಬ್ರೆಚರ್ ಮತ್ತು ಡೊರೊತಿ ಗೇಟರ್, ಓದುಗರ ಇದೇ ಪ್ರಶ್ನೆ ಕೇಳಿ ಕೇಳಿ ಒಂದು ದಿನವನ್ನೇ ಗೊತ್ತು ಮಾಡಿದರು. 1999ರಲ್ಲಿ ಹುಟ್ಟಿದ ಯೋಚನೆ. ಹೆಸರು 'ಓಪನ್ ದಟ್ ಬಾಟಲ್ ನೈಟ್'. ಪ್ರತಿವರ್ಷ ಫೆಬ್ರವರಿಯ ಕೊನೆಯ ಶನಿವಾರ ಇಟ್ಟುಕೊಂಡ ಬಾಟಲಿಯನ್ನು ತೆಗೆದೇ ತೀರುವುದು. ಅವರಿಗೆ ಕಲಬುರಗಿ ಗೊತ್ತಿರಲಿಕ್ಕಿಲ್ಲ. ಆದರೂ ಫೆಬ್ರವರಿ ಕೊನೆ ಅಂದರೆ ನಮ್ಮ ಚಳಿ ಗಂಟು ಕಟ್ಟುವ ಹೊತ್ತು. ಆ ತಾರೀಕು ನಮಗೆ ಅವರಿಗಿಂತ ಚೆನ್ನಾಗಿ ಹೊಂದುತ್ತದೆ. ಅದೇ ದಿನ ಶಿವರಾತ್ರಿ ಬಿದ್ದರೆ ಹಿಂದಿನ ವಾರ ಮುಗಿಸಿ.

ಬಾಟಲಿ ಕೊಟ್ಟವರು ಈಗ ಇಲ್ಲ. ತೆಗೆಯಲು ಮನಸ್ಸೇ ಬರುತ್ತಿಲ್ಲ.

ಇದಕ್ಕೆ ಅವಸರದ ಉತ್ತರ ಇಲ್ಲ. ನನ್ನ ಗೆಳೆಯನೊಬ್ಬನ ಮನೆಯಲ್ಲಿ ಅವನ ಅಣ್ಣ ಕೊನೆಯ ಸಲ ಬಂದಾಗ ತಂದ ಬಾಟಲಿ ಇತ್ತು. ವೈನಿನ ಲೆಕ್ಕದಲ್ಲಿ ಅದು ಯಾವಾಗಲೋ ಹೋಗಿತ್ತು. ಹಾಗಂತ ನಾನು ಹೇಳಲಿಲ್ಲ. ಅದು ಅವನಿಗೆ ವೈನ್ ಆಗಿ ಉಳಿದಿರಲಿಲ್ಲ.

ಇಟ್ಟುಕೊಳ್ಳುವುದಾದರೆ ನೆನಪು ಅಂತ ತಿಳಿದೇ ಇಟ್ಟುಕೊಳ್ಳಿ. ಮುಂದೆ ಯಾವತ್ತೋ ಕುಡಿಯುತ್ತೇನೆ ಅನ್ನುವ ಲೆಕ್ಕ ಬಿಟ್ಟುಬಿಡಿ. ಬಾಟಲಿ ಇನ್ನೂ ಚೆನ್ನಾಗಿದೆ ಅನಿಸಿದರೆ, ಅವರನ್ನು ಬಲ್ಲ ನಾಲ್ಕು ಜನರನ್ನು ಒಂದು ಸಂಜೆ ಕರೆಯಿರಿ. ನನ್ನ ಗೆಳೆಯ ಕೊನೆಗೆ ಹಾಗೇ ಮಾಡಿದ. ಒಂದು ಬಾಟಲಿಯಲ್ಲಿ 750 ಮಿಲಿ, ಸಣ್ಣ ಗ್ಲಾಸಿಗೆ ಐದು ಜನಕ್ಕೆ ಆಗುತ್ತದೆ. ಹುಳಿಯಾಗಿತ್ತು. ಅಣ್ಣ ಸೈಕಲ್ ಮೇಲೆ ಮೂವರನ್ನು ಕೂರಿಸಿಕೊಂಡು ಕೋಟೆ ಕಡೆ ಹೋಗಿ ಬಿದ್ದ ಕಥೆ ರಾತ್ರಿ ಹನ್ನೊಂದರ ತನಕ ನಡೆಯಿತು.

ಮಗಳು ಹುಟ್ಟಿದ ವರ್ಷದ ಬಾಟಲಿ ತೆಗೆದಿಟ್ಟು ಅವಳಿಗೆ 21 ಆದಾಗ ಕೊಡುವ ಆಸೆ.

ಇಂಗ್ಲೆಂಡಿನ ಶ್ರೀಮಂತರ ಹಳೆ ರೂಢಿ ಇದು. ಅವರು ಆರಿಸುತ್ತಿದ್ದುದು ವಿಂಟೇಜ್ ಪೋರ್ಟ್, ಕಾರಣ ಅದು 20 ವರ್ಷ ದಾಟಿದ ಮೇಲೆಯೇ ಹದಕ್ಕೆ ಬರುತ್ತದೆ. ಇಲ್ಲಿ ಅಂಗಡಿಯಲ್ಲಿ 'ಪೋರ್ಟ್' ಅಂತ ಮಾರುವ ಅಗ್ಗದ ಸಿಹಿ ವೈನ್ ಬೇರೆ, ಇದು ಬೇರೆ. ನಮ್ಮ ಬಿಸಿಲಿನಲ್ಲಿ 21 ಬೇಸಿಗೆ ಅಂದರೆ ಕಂಪ್ರೆಸರ್ ಫ್ರಿಜ್, ಇನ್ವರ್ಟರ್, ಮತ್ತು 21 ವರ್ಷ ಯಾರೂ ಮುಟ್ಟದ ಮನೆ ಬೇಕು. ಮಗಳ ಹೆಸರಿಗೆ ಒಂದು ಮಾವಿನ ಗಿಡ ಹಚ್ಚಿ.

ಕೆಟ್ಟಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಕುಡಿದರೆ ಏನಾದರೂ ಆಗುತ್ತದಾ?

ಮೊದಲು ಕಣ್ಣು. ಬೂಚು ಉಬ್ಬಿದೆಯಾ, ಕುತ್ತಿಗೆಯಲ್ಲಿ ಸೋರಿದ ಕಲೆ ಇದೆಯಾ, ವೈನ್ ಮಟ್ಟ ಕೆಳಗಿಳಿದಿದೆಯಾ ನೋಡಿ. ಆಮೇಲೆ ಮೂಗು. ವಿನೆಗರ್ ವಾಸನೆ ಬಂದರೆ ಹುಳಿಯಾಗಿದೆ. ಬಿಳಿ ವೈನ್ ಕಂದಾಗಿ ಕೊಯ್ದಿಟ್ಟ ಸೇಬಿನ ವಾಸನೆ ಬಂದರೆ ಗಾಳಿ ತಗುಲಿದೆ. ಮಳೆಗೆ ನೆನೆದ ಗೋಣಿಚೀಲದ ವಾಸನೆ ಬಂದರೆ ಅದು ಬಿಸಿಲಿನ ತಪ್ಪೂ ಅಲ್ಲ, ನಿಮ್ಮದೂ ಅಲ್ಲ. ಬೂಚಿನಲ್ಲಿ ಹುಟ್ಟುವ ಟಿಸಿಎ ಅನ್ನುವ ವಸ್ತುವಿನ ಕೆಲಸ.

ತಳದಲ್ಲಿ ಗಾಜಿನ ಪುಡಿಯಂಥ ಹರಳು ಕಂಡರೆ ಗಾಬರಿ ಬೇಡ. ಟಾರ್ಟಾರಿಕ್ ಆಮ್ಲದಿಂದ ಆದ ಲವಣದ ಹರಳು ಅದು. ನಮ್ಮ ಹುಣಸೆಹಣ್ಣಿನ ಹುಳಿಯೂ ಅದೇ ಆಮ್ಲದ್ದು. ಕಪ್ಪು ಗಸಿ ಇದ್ದರೆ ಹಿಂದಿನ ದಿನವೇ ಬಾಟಲಿ ನಿಲ್ಲಿಸಿ, ನಿಧಾನ ಬಗ್ಗಿಸಿ, ಕೊನೆಯ ಎರಡು ಗುಟುಕು ಬಿಡಿ.

ಅಂಗಡಿಯ ಸೀಲ್ ಬಾಟಲಿ ಹಳೆಯದಾಗಿ ಕೆಟ್ಟರೆ ವಿಷವಾಗುವುದಿಲ್ಲ. ರುಚಿ ಇರುವುದಿಲ್ಲ, ಅಷ್ಟೇ. ಬಿಪಿ, ಶುಗರ್ ಗುಳಿಗೆ ತಗೊಳ್ಳುವವರು ಹೊಸ ವೈನ್ ಆದರೂ ಡಾಕ್ಟರನ್ನು ಕೇಳಿಯೇ ಮುಟ್ಟಿ.

ಬೂಚು ತೆಗೆಯುವ ಸಾಮಾನೇ ಮನೆಯಲ್ಲಿಲ್ಲ.

ಎಷ್ಟೋ ಬಾಟಲಿಗಳು ಕಾದು ಕೂತಿರುವ ನಿಜವಾದ ಕಾರಣ ಇದು. ಆನ್‌ಲೈನ್‌ನಲ್ಲಿ ತರಿಸಿ, ದೊಡ್ಡ ಖರ್ಚಲ್ಲ. ಚಪ್ಪಲಿಯಲ್ಲಿಟ್ಟು ಗೋಡೆಗೆ ಕುಟ್ಟುವ ವಿಡಿಯೋ ನೋಡಿ ಪ್ರಯೋಗ ಮಾಡಬೇಡಿ, ಬಾಟಲಿ ಒಡೆದು ಕೈಗೆ ಹೊಲಿಗೆ ಬೀಳುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಸೌಟಿನ ಹಿಡಿಯಿಂದ ಬೂಚನ್ನು ಮೆಲ್ಲಗೆ ಒಳಕ್ಕೆ ತಳ್ಳಿ, ಚಹಾ ಸೋಸುವ ಜಾಲರಿಯಲ್ಲಿ ಸೋಸಿ. ಬೂಚು ಪುಡಿಯಾದರೂ ಇದೇ ಉಪಾಯ.

ಶಾಂಪೇನಿನಂಥ ಉಕ್ಕುವ ವೈನ್ ಆದರೆ ಹುಷಾರು. ಒಳಗಿನ ಒತ್ತಡ ಕಾರಿನ ಟೈರಿಗಿಂತ ಎರಡು ಮೂರು ಪಟ್ಟು. ಚೆನ್ನಾಗಿ ತಣ್ಣಗಾದ ಮೇಲೆ, ಬಾಯಿಯನ್ನು ಯಾರ ಕಡೆಗೂ ಹಿಡಿಯದೆ, ಬೂಚನ್ನು ಬಿಗಿಯಾಗಿ ಹಿಡಿದು ಬಾಟಲಿಯನ್ನು ತಿರುಗಿಸಿ.

ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕುಡಿಯಬೇಕಂತೆ?

ಯಾರ ರೂಮ್? ಆ ಮಾತು ಹುಟ್ಟಿದ್ದು ಯೂರೋಪಿನ ತಣ್ಣನೆ ಮನೆಗಳಲ್ಲಿ. 16ರಿಂದ 18 ಡಿಗ್ರಿ ಅಂತ ಅರ್ಥ. ನಮ್ಮಲ್ಲಿ ಕೆಂಪು ವೈನನ್ನೂ ಮುಕ್ಕಾಲು ಗಂಟೆ ಫ್ರಿಜ್‌ನಲ್ಲಿಟ್ಟು ತೆಗೆಯಿರಿ. ಬಿಳಿ ವೈನಿಗೆ ಎರಡು ಮೂರು ಗಂಟೆ. ಐಸ್ ಹಾಕಿದರೆ ನಾನೇನೂ ಬೈಯುವುದಿಲ್ಲ, ಬಾಟಲಿ ತಂದವರ ಎದುರು ಹಾಕಬೇಡಿ.

ನಮ್ಮ ಊಟಕ್ಕೆ ಹೊಂದುತ್ತದಾ?

ಖಾರ ಮತ್ತು ಒಗರು ಜಗಳವಾಡುತ್ತವೆ. ಕೆಂಪು ಖಾರದ ಚಟ್ನಿ ತಿಂದು ಟ್ಯಾನಿನ್ ಇರುವ ವೈನ್ ಕುಡಿದರೆ ಬಾಯಿ ಇನ್ನೂ ಉರಿಯುತ್ತದೆ. ಎಣ್ಣೆಗಾಯಿಯಲ್ಲಿ ಶೇಂಗಾ, ಎಳ್ಳು, ಎಣ್ಣೆ ಇರುವುದರಿಂದ ಕೆಂಪು ವೈನ್ ಅದರ ಜೊತೆ ಸೊಗಸಾಗಿ ಇಳಿಯುತ್ತದೆ. ಖಾರ ಅರ್ಧ ಮಾಡಿ, ಅಷ್ಟೇ. ಸಜ್ಜೆ ರೊಟ್ಟಿ, ಬೆಣ್ಣೆ, ಎಣ್ಣೆಗಾಯಿ, ಇದಕ್ಕಿಂತ ಒಳ್ಳೆ ಜೋಡಿ ನಾನು ಕಂಡಿಲ್ಲ. ಮಟನ್ ತಿನ್ನುವವರಿಗೆ ಹೇಳುವುದೇ ಬೇಡ. ಪುಂಡಿ ಪಲ್ಯ ಹುಳಿ, ಅದಕ್ಕೆ ಬಿಳಿ ವೈನ್. ಮಸಾಲೆ ಅನ್ನದ ತಹರಿಗೂ ಬಿಳಿಯದೇ ಸರಿ. ಹೋಳಿಗೆಗೆ ಬೇಡ. ಹೋಳಿಗೆಗೆ ತುಪ್ಪವೇ ಸಾಕು.

ತೆಗೆದ ಮೇಲೆ ಉಳಿದರೆ?

ಮುಚ್ಚಿ ಫ್ರಿಜ್‌ನಲ್ಲಿಡಿ. ಮೂರು ನಾಲ್ಕು ದಿನ ಕೆಂಪಿಗೂ ಬಿಳಿಗೂ ನಡೆಯುತ್ತದೆ. ಉಕ್ಕುವ ವೈನ್ ಮರುದಿನಕ್ಕೇ ಸಪ್ಪೆ. ಹುಳಿಯಾದದ್ದನ್ನು ಚೆಲ್ಲಬೇಡಿ, ಮಟನ್ ನೆನೆಸಲು ಬರುತ್ತದೆ.

ಮಗ ಮುಂದಿನ ಸಲ ಬರುವಾಗ ಏನು ತರಲು ಹೇಳಲಿ?

ಡಿಸೆಂಬರ್‌ನಲ್ಲಿ ಬಾ ಅಂತ ಹೇಳಿ. ಸುಂಕ ಇಲ್ಲದೆ ಒಬ್ಬರು 2 ಲೀಟರ್ ತರಬಹುದು, ಅಂದರೆ ಎರಡು ಬಾಟಲಿ ಮತ್ತು ಒಂದು ಅರ್ಧ ಬಾಟಲಿ. ಇಡುವ ವೈನ್ ಬೇಡ, ಈಗಲೇ ಕುಡಿಯುವಂಥದ್ದು ತಾ ಅನ್ನಿ. ಅವನಿಗೂ ದುಡ್ಡು ಉಳಿಯುತ್ತದೆ.

ಕುಡಿಯುವುದೇ ಇಲ್ಲ. ಮಾರಬಹುದಾ?

ಲೈಸೆನ್ಸ್ ಇಲ್ಲದೆ ಮಾರಿದರೆ ಅಬಕಾರಿ ಕಾಯ್ದೆಯಲ್ಲಿ ಅಪರಾಧ. ಕುಡಿಯುವ ಗೆಳೆಯರಿಗೆ ಸುಮ್ನೆ ಕೊಡಿ. ಫೆಬ್ರವರಿಯಲ್ಲಿ ಕೊಡಿ, ಮೇ ತಿಂಗಳಲ್ಲಿ ಕೊಟ್ಟರೆ ಅವರು ನಿಮ್ಮನ್ನು ನೆನೆಯುವ ರೀತಿಯೇ ಬೇರೆಯಾಗುತ್ತದೆ.

ಖಾಲಿ ಬಾಟಲಿ ಎಸೆಯಲು ಮನಸ್ಸಿಲ್ಲ.

ಲೇಬಲ್ ಬೇಕಾದರೆ ಬಿಸಿನೀರಿನಲ್ಲಿ ಒಂದು ತಾಸು ನೆನೆಸಿ, ಬಿಡಿಸಿ ಡೈರಿಗೆ ಅಂಟಿಸಿ. ಹಿಂದೆ ತಾರೀಕು, ಯಾರು ಯಾರು ಇದ್ದರು ಅಂತ ಬರೆಯಿರಿ. ನಮ್ಮ ಮನೆಯ 2012ರ ಬೋರ್ಡೋ ಬಾಟಲಿ ಅಡುಗೆ ಮನೆಯ ಕಿಟಕಿಯಲ್ಲಿದೆ. ಅವ್ವ ಅದರಲ್ಲಿ ಮನಿ ಪ್ಲಾಂಟ್ ಹಾಕಿದ್ದಾಳೆ. ಯಾವುದರ ಬಾಟಲಿ ಅಂತ ಅವಳೂ ಕೇಳಿಲ್ಲ, ನಾನೂ ಹೇಳಿಲ್ಲ.